ಬಣ್ಣಬಣ್ಣದ ಉಲ್ಲನ್‌ಗೆ ಸರಳ ಕೌಲ್: ಬಣ್ಣ ಒಂದೇ ಕಡೆ ಗುಂಪಾಗುತ್ತಿದೆ, ಏನು ಮಾಡಲಿ?

ಮಳೆಬಿಲ್ಲು (ಟೊರಾಂಟೊ)

ಎಲ್ಲರಿಗೂ ನಮಸ್ಕಾರ. ಕೈಯಲ್ಲೇ ಬಣ್ಣ ಹಾಕಿದ ಮೆರಿನೋ ಉಲ್ಲನ್ ಒಂದು ಲಡಿ ತಂದಿದ್ದೇನೆ. 100 ಗ್ರಾಂ, 200 ಮೀಟರ್. ಗಾಢ ನೇರಳೆ, ಗಿಣಿಹಸಿರು, ಕಿತ್ತಳೆ, ನಡುನಡುವೆ ಒಂದಿಷ್ಟು ಕೆನೆಬಣ್ಣ. ಲಡಿಯಲ್ಲಿದ್ದಾಗ ಎಷ್ಟು ಚೆಂದ ಇತ್ತು ಅಂದರೆ ಅಂಗಡಿಯಲ್ಲಿ ಕೆಳಗಿಡಲು ಮನಸ್ಸೇ ಬರಲಿಲ್ಲ.

ಇದರಲ್ಲಿ ಒಂದು ಕೌಲ್ ಮಾಡಬೇಕು. ಗೊತ್ತಿಲ್ಲದವರಿಗೆ: ಎರಡು ತುದಿ ಸೇರಿಸಿದ ಮಫ್ಲರ್ ಅಂದುಕೊಳ್ಳಿ. ತಲೆ ಮೇಲಿಂದ ಹಾಕಿಕೊಂಡರೆ ಕುತ್ತಿಗೆಗೆ ಬೆಚ್ಚಗೆ ಕೂರುತ್ತದೆ. ಮೊದಲು ಎಲೆ ಡಿಸೈನಿನ ಲೇಸ್ ಹಾಕಿದೆ. ಎಲೆಯೂ ಕಾಣಲಿಲ್ಲ, ಬಣ್ಣವೂ ಎದ್ದು ಬರಲಿಲ್ಲ. ಆಮೇಲೆ 4.5 ಮಿ.ಮೀ. ಸುತ್ತು ಕಡ್ಡಿಯಲ್ಲಿ (ಎರಡು ಕಡ್ಡಿಯ ನಡುವೆ ಕೇಬಲ್, ತಿರುಗಿಸದೆ ಸುತ್ತಲೂ ಹೆಣೆಯುವುದು) 100 ಸ್ಟಿಚ್ ಹಾಕಿ ಬರೀ ಸೀದಾ, ಅಂದರೆ ಗಂಟು ಹಿಂದೆ ಬೀಳುವ ಸಾದಾ ಸ್ಟಿಚ್, ಹೆಣೆಯುತ್ತಿದ್ದೇನೆ. ಈಗ ನೇರಳೆ ಎಲ್ಲಾ ಒಂದು ಪಕ್ಕ, ಕಿತ್ತಳೆ ಎಲ್ಲಾ ಇನ್ನೊಂದು ಪಕ್ಕ ಬಂದು ಕೂತಿದೆ. ಎದುರಿಂದ ನೋಡಿದರೆ ಒಂದು ಬಣ್ಣದ ಕೌಲ್, ಹಿಂದಿನಿಂದ ಬೇರೆಯದೇ ಕೌಲ್.

ಸ್ವೆಟರ್ ಹಾಕುವುದು ಚೆನ್ನಾಗಿ ಬರುತ್ತದೆ. ಸುತ್ತು ಕಡ್ಡಿ ಹೊಸದು. ಯಾವ ಹೆಣಿಗೆ ಹಾಕಿದರೆ ಈ ಬಣ್ಣಗಳು ಲಡಿಯಲ್ಲಿದ್ದಷ್ಟೇ ಚೆಂದ ಕಾಣುತ್ತವೆ?

ಸೀದಾ_ಉಲ್ಟಾ (ಬೆಂಗಳೂರು)

ಲೇಸ್ ಬಿಟ್ಟಿದ್ದು ಒಳ್ಳೆಯದಾಯಿತು. ಬಣ್ಣ ಜೋರಾಗಿರುವ ದಾರಕ್ಕೆ ಡಿಸೈನ್ ಹಾಕಿದರೆ ಎರಡೂ ಹಾಳು. ಜಡೆ, ಎಲೆ, ಜಾಲಿ ಎಲ್ಲ ಒಂದೇ ಬಣ್ಣದ ದಾರಕ್ಕೆ ಇಟ್ಟುಕೊಳ್ಳಿ.

ಕಾಫಿತೋಟ (ಮಡಿಕೇರಿ)

ಒಂದು ಸುತ್ತು ಸೀದಾ, ಒಂದು ಸುತ್ತು ಉಲ್ಟಾ (ಗಂಟು ಮುಂದೆ ಬೀಳುವ ಸ್ಟಿಚ್). ಅಷ್ಟೇ. ಗಾರ್ಟರ್.

ನೇರ ಕಡ್ಡಿಯಲ್ಲಾದರೆ ಎಲ್ಲಾ ಸಾಲೂ ಸೀದಾ ಹಾಕಿದರೆ ಗಾರ್ಟರ್ ಬರುತ್ತದೆ. ಸುತ್ತು ಕಡ್ಡಿಯಲ್ಲಿ ನಾವು ತಿರುಗಿಸುವುದೇ ಇಲ್ಲವಲ್ಲ, ಅದಕ್ಕೆ ಒಂದು ಬಿಟ್ಟು ಒಂದು ಸುತ್ತು ಉಲ್ಟಾ ಹಾಕಲೇಬೇಕು. ಉಲ್ಟಾ ಸುತ್ತಿನ ಗಂಟುಗಳು ಮೇಲಿನ ಸಾಲು, ಕೆಳಗಿನ ಸಾಲು ಎರಡರೊಳಗೂ ತಲೆ ಹಾಕುತ್ತವೆ. ಹಾಗಾಗಿ ಬಣ್ಣದ ಗಡಿ ಗೆರೆ ಎಳೆದ ಹಾಗೆ ಕಾಣುವುದಿಲ್ಲ, ಒಂದರೊಳಗೊಂದು ಬೆರೆಯುತ್ತದೆ. ಇನ್ನೊಂದು ಲಾಭ: ಅಂಚು ಸುರುಳಿ ಸುತ್ತುವುದಿಲ್ಲ. ಬರೀ ಸೀದಾ ಹಾಕಿದ ಕೌಲ್ ಮೇಲೂ ಕೆಳಗೂ ಮಡಚಿಕೊಳ್ಳುತ್ತದೆ, ನೀವು ಎಷ್ಟೇ ತೊಳೆದು ಎಳೆದು ಒಣಗಿಸಿದರೂ ಅಷ್ಟೇ.

ಸೀದಾ_ಉಲ್ಟಾ (ಬೆಂಗಳೂರು)

ಅಂಚಿಗೆ ಮಾತ್ರ ಆರು ಸುತ್ತು ಗಾರ್ಟರ್ ಸಾಕಲ್ವಾ? ನಡುವೆ ಸೀದಾ ಇದ್ದರೆ ಬಣ್ಣ ಹೊಳೆಯುತ್ತದೆ. ಗಾರ್ಟರ್‌ನಲ್ಲಿ ಬಣ್ಣ ಸ್ವಲ್ಪ ಮಂಕು.

ಕಾಫಿತೋಟ (ಮಡಿಕೇರಿ)

ಮಂಕಲ್ಲ ರೀ, ಮೃದು. ಎರಡೂ ಬೇರೆ.

ಲೆಕ್ಕದ_ಮೇಷ್ಟ್ರು (ಶಿವಮೊಗ್ಗ)

ಮಳೆಬಿಲ್ಲು ಅವರೇ, ಹೆಣಿಗೆ ಯಾವುದು ಅನ್ನುವುದು ಆಮೇಲಿನ ಮಾತು. ನಿಮ್ಮ ತೊಂದರೆ ಇರುವುದು 100 ಅನ್ನುವ ಎಣಿಕೆಯಲ್ಲಿ.

ಕೈಯಲ್ಲಿ ಬಣ್ಣ ಹಾಕುವವರು ಲಡಿಯನ್ನು ಬಿಡಿಸಿ ಉದ್ದಕ್ಕೆ ಹಾಸಿ, ಒಂದು ಭಾಗಕ್ಕೆ ನೇರಳೆ, ಇನ್ನೊಂದು ಭಾಗಕ್ಕೆ ಹಸಿರು, ಮತ್ತೊಂದಕ್ಕೆ ಕಿತ್ತಳೆ ಹಾಕುತ್ತಾರೆ. ಲಡಿ ಅಂದರೆ ಒಂದೇ ಅಳತೆಯ ನೂರಾರು ಸುತ್ತು. ಹಾಗಾಗಿ ಲಡಿಯ ಒಂದು ಸುತ್ತಿಗೆ ಒಂದು ಸಲ ಎಲ್ಲಾ ಬಣ್ಣ ಬಂದು ಹೋಗುತ್ತದೆ, ಮತ್ತೆ ಮೊದಲಿಂದ. ಇದನ್ನು ಆವರ್ತ ಅನ್ನೋಣ. ನಿಮ್ಮ ಹೆಣಿಗೆಯ ಒಂದು ಸುತ್ತು ಸರಿಯಾಗಿ ಒಂದು ಆವರ್ತದಷ್ಟು ದಾರ ತಿಂದರೆ, ಪ್ರತಿ ಸುತ್ತಿನಲ್ಲೂ ನೇರಳೆ ನೇರಳೆಯ ಮೇಲೇ ಬಂದು ಕೂರುತ್ತದೆ. ಆಗುತ್ತಿರುವುದು ಇದೇ.

ಹೀಗೆ ಮಾಡಿ ನೋಡಿ. ದಾರದಲ್ಲಿ ಒಂದು ನೇರಳೆ ಶುರುವಾಗುವ ಜಾಗದಿಂದ ಮುಂದಿನ ನೇರಳೆ ಶುರುವಾಗುವವರೆಗೆ ಟೇಪಿನಲ್ಲಿ ಅಳೆಯಿರಿ. ಆಮೇಲೆ ಕಡ್ಡಿಯ ಮೇಲಿರುವ 20 ಸ್ಟಿಚ್ ಬಿಚ್ಚಿ, ಎಷ್ಟು ದಾರ ಬಂತು ಅಳೆಯಿರಿ. ಎರಡು ಸಂಖ್ಯೆ ಇಲ್ಲಿ ಹಾಕಿ.

ಬೆಣ್ಣೆದೋಸೆ (ದಾವಣಗೆರೆ)

ಇಷ್ಟೆಲ್ಲಾ ಲೆಕ್ಕ ಯಾಕೆ ಸಾರ್? ನಮ್ಮಮ್ಮ ಅಂದಾಜಿನಲ್ಲೇ ಇಡೀ ಮನೆಗೆ ಸ್ವೆಟರ್ ಹಾಕಿದವರು. ಒಂದು ದಿನವೂ ಟೇಪ್ ಹಿಡಿದಿದ್ದು ನಾನು ನೋಡಿಲ್ಲ.

ಲೆಕ್ಕದ_ಮೇಷ್ಟ್ರು (ಶಿವಮೊಗ್ಗ)

ನಿಮ್ಮ ತಾಯಿಯ ಕೈಗೆ ನಮಸ್ಕಾರ. ಅವರು ಹಾಕಿದ್ದು ಬಹುಶಃ ಒಂದೊಂದು ಉಂಡೆ ಒಂದೊಂದು ಬಣ್ಣ ಇದ್ದ ದಾರ. ಅದರಲ್ಲಿ ಬಣ್ಣ ಎಲ್ಲಿ ಬೀಳಬೇಕು ಅಂತ ಹೆಣೆಯುವವರು ತೀರ್ಮಾನ ಮಾಡುತ್ತಾರೆ. ಇಲ್ಲಿ ಆ ತೀರ್ಮಾನ ಬಣ್ಣ ಹಾಕಿದವರು ಆಗಲೇ ಮಾಡಿಬಿಟ್ಟಿದ್ದಾರೆ. ನಮ್ಮ ಕೈಯಲ್ಲಿ ಉಳಿದಿರುವುದು ಸ್ಟಿಚ್ ಎಷ್ಟು ಅನ್ನುವುದೊಂದೇ.

ಮಳೆಬಿಲ್ಲು (ಟೊರಾಂಟೊ)

ಮೇಷ್ಟ್ರೇ, ಅಳೆದೆ. ನೇರಳೆಯಿಂದ ನೇರಳೆಗೆ 170 ಸೆಂ.ಮೀ. 20 ಸ್ಟಿಚ್‌ಗೆ 34 ಸೆಂ.ಮೀ.

ಲೆಕ್ಕದ_ಮೇಷ್ಟ್ರು (ಶಿವಮೊಗ್ಗ)

ನೋಡಿದಿರಾ! ಒಂದು ಸ್ಟಿಚ್‌ಗೆ 1.7. ನೂರು ಸ್ಟಿಚ್‌ಗೆ 170. ಸರಿಯಾಗಿ ಒಂದು ಆವರ್ತ. ಬೇಕೆಂದು ಮಾಡಿದ್ದರೂ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ.

ಈಗ ಆಟ ಶುರು. 104 ಹಾಕಿದರೆ ಪ್ರತಿ ಸುತ್ತಿಗೂ ಬಣ್ಣ ನಾಲ್ಕು ಸ್ಟಿಚ್ ಸರಿಯುತ್ತದೆ, ಕೌಲ್ ಸುತ್ತಲೂ ಓರೆ ಪಟ್ಟೆ ಹತ್ತುತ್ತಾ ಹೋಗುತ್ತದೆ. 150 ಹಾಕಿದರೆ ಒಂದೂವರೆ ಆವರ್ತ, ಒಂದು ಸುತ್ತಿನ ನೇರಳೆ ಇದ್ದಲ್ಲಿ ಮುಂದಿನ ಸುತ್ತಿನಲ್ಲಿ ಬೇರೆ ಬಣ್ಣ. 120 ಹಾಕಿದರೆ ಪ್ರತಿ ಸುತ್ತೂ 20 ಸ್ಟಿಚ್ ಜಾರುತ್ತದೆ, ಯಾವ ಬಣ್ಣವೂ ಸುತ್ತು ಸುತ್ತಿಗೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಎಲ್ಲಾ ಕಡೆ ಹರಡುತ್ತದೆ. ನಿಮ್ಮ ಕೈಗೆ 10 ಸೆಂ.ಮೀ.ಗೆ 20 ಸ್ಟಿಚ್ ಬರುತ್ತಿದ್ದರೆ 120 ಅಂದರೆ 60 ಸೆಂ.ಮೀ. ಸುತ್ತಳತೆ. ದೊಡ್ಡವರ ಕೌಲ್‌ಗೆ ಅದೇ ಸರಿಯಾದ ಅಳತೆ. ಆರಾಮಾಗಿ 120 ಹಾಕಿ.

ಎಡಿನ್‌ಬರೊ_ಕನ್ನಡತಿ

ಮೇಷ್ಟ್ರ ಲೆಕ್ಕ ಸರಿಯಾಗಿದೆ. ಆದರೆ ಕೈ ಮಷೀನ್ ಅಲ್ಲ. ಟಿವಿ ನೋಡುತ್ತಾ ಹೆಣೆದರೆ ಸಡಿಲ, ಫೋನಿನಲ್ಲಿ ಜಗಳ ಆಡುತ್ತಾ ಹೆಣೆದರೆ ಬಿಗಿ. 104ರ ಓರೆ ಪಟ್ಟೆ ಅರ್ಧದಲ್ಲಿ ದಿಕ್ಕು ಬದಲಿಸಿಬಿಡುತ್ತದೆ.

ನನ್ನ ಓಟು ಲಿನನ್ ಸ್ಟಿಚ್‌ಗೆ. ಒಂದು ಸೀದಾ ಹಾಕಿ, ದಾರವನ್ನು ಮುಂದಕ್ಕೆ ತಂದು, ಮುಂದಿನ ಸ್ಟಿಚ್ ಹೆಣೆಯದೆ ಸುಮ್ನೆ ಬಲಗಡ್ಡಿಗೆ ದಾಟಿಸಿ, ದಾರ ಹಿಂದಕ್ಕೆ. ಮತ್ತೆ ಸೀದಾ. ಮುಂದಿನ ಸುತ್ತಿನಲ್ಲಿ ಅದಲು ಬದಲು: ಹೋದ ಸಲ ಹೆಣೆದದ್ದನ್ನು ದಾಟಿಸಿ, ದಾಟಿಸಿದ್ದನ್ನು ಹೆಣೆಯಿರಿ. ಒಟ್ಟು ಸ್ಟಿಚ್ ಬೆಸ ಸಂಖ್ಯೆ ಇಟ್ಟುಕೊಂಡರೆ, 121 ಅಂತಿಟ್ಟುಕೊಳ್ಳಿ, ನೆನಪಿಡುವ ಗೋಜೇ ಇಲ್ಲ. ಒಂದು ಹೆಣೆ, ಒಂದು ದಾಟಿಸು ಅಂತ ಹೋಗುತ್ತಲೇ ಇದ್ದರೆ ತಾನಾಗಿ ಅದಲು ಬದಲಾಗುತ್ತದೆ.

ಹತ್ತಿರದಿಂದ ನೋಡಿದರೆ ನೇಯ್ದ ಬಟ್ಟೆಯ ಹಾಗೆ ಕಾಣುತ್ತದೆ. ದಾಟಿಸಿದ ಸ್ಟಿಚ್ ಕೆಳಗಿನ ಸುತ್ತಿನ ಬಣ್ಣವನ್ನು ಮೇಲಕ್ಕೆ ಎಳೆದು ತರುತ್ತದೆ. ಅದರ ಮುಂದೆ ಅಡ್ಡಲಾಗಿ ಹೊಸ ಬಣ್ಣದ ದಾರ ಒಂದು ಚಿಕ್ಕ ಗೀಟಿನ ಹಾಗೆ ಮಲಗುತ್ತದೆ. ನೇರಳೆಯ ನಡುವೆ ಕಿತ್ತಳೆ ಗೀಟು, ಕಿತ್ತಳೆಯ ನಡುವೆ ಹಸಿರು ಗೀಟು. ಎಷ್ಟೇ ಹಟಮಾರಿ ದಾರ ಇದ್ದರೂ ಗುಂಪು ಒಡೆದುಹೋಗುತ್ತದೆ.

ಕಾಫಿತೋಟ (ಮಡಿಕೇರಿ)

ಅಕ್ಕ, ಲಿನನ್ ಸ್ಟಿಚ್ ನೋಡಲು ಚೆಂದ, ಒಪ್ಪಿದೆ. ಕುತ್ತಿಗೆಗೆ ಬಿರುಸು. ಹಲಗೆಯ ಹಾಗೆ ನಿಲ್ಲುತ್ತದೆ. ಮೆರಿನೋ ತಗೊಂಡಿದ್ದೇ ಮೆತ್ತಗಿರಲಿ ಅಂತ.

ಎಡಿನ್‌ಬರೊ_ಕನ್ನಡತಿ

ಅದಕ್ಕೇ ಕಡ್ಡಿ ಎರಡು ಸೈಜ್ ದೊಡ್ಡದು ಹಿಡಿಯಬೇಕು. 4.5ರ ಬದಲು 5.5. ಆಗ ಬಟ್ಟೆ ಜೋತು ಬೀಳುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ ಅನ್ನುವುದು ನಿಜ, ಪ್ರತಿ ಸುತ್ತಿನಲ್ಲಿ ಅರ್ಧ ಸ್ಟಿಚ್ ಮಾತ್ರ ಬೆಳೆಯುತ್ತದೆ. ಅಂದ ಹಾಗೆ ಅದಕ್ಕೆ ಮೇಷ್ಟ್ರ 1.7 ಲೆಕ್ಕ ನಡೆಯುವುದಿಲ್ಲ, ಬೇರೆ ಸ್ಯಾಂಪಲ್ ಹಾಕಿ ಅಳೆಯಬೇಕು. 60 ಸೆಂ.ಮೀ. ಬರಲು ಎಷ್ಟು ಸ್ಟಿಚ್ ಬೇಕು ಅನ್ನುವುದೂ ಆ ಸ್ಯಾಂಪಲ್‌ನಿಂದಲೇ ಗೊತ್ತಾಗಬೇಕು.

ನೂಲುಂಡೆ (ಮೈಸೂರು)

ನಡುವೆ ಬರುತ್ತಿದ್ದೇನೆ. ಇದಕ್ಕಿಂತ ಸುಲಭ ಮಾಸ್ ಸ್ಟಿಚ್. ಒಂದು ಸೀದಾ ಒಂದು ಉಲ್ಟಾ, ಮುಂದಿನ ಸುತ್ತಿನಲ್ಲಿ ಸೀದಾ ಮೇಲೆ ಉಲ್ಟಾ. ಇದಕ್ಕೂ ಬೆಸ ಸಂಖ್ಯೆ ಇಟ್ಟುಕೊಂಡರೆ ಸಲೀಸು. ಕಾಳು ಚೆಲ್ಲಿದ ಹಾಗೆ ಬಣ್ಣ ಬೀಳುತ್ತದೆ, ಅಂಚು ಮಡಚುವುದಿಲ್ಲ, ಒಳಗೂ ಹೊರಗೂ ಒಂದೇ ಥರ. ಕೌಲ್ ಮಡಚಿ ಹಾಕಿಕೊಂಡಾಗ ಒಳಭಾಗ ಕಾಣುತ್ತದಲ್ಲ, ಅಲ್ಲಿ ಬರೀ ಸೀದಾ ಹಾಕಿದ್ದಕ್ಕೆ ಉಲ್ಟಾ ಮುಖ ಹೊರಗೆ ಬರುತ್ತದೆ.

ಪೇಡಾ_ಧಾರವಾಡ

ಭಾಳ ಛಲೋ ಚರ್ಚಾ ನಡದೈತ್ರಿ. ಒಂದು ಮಾತು ಹೇಳಬೇಕು ಅನಿಸಿತು. ನಮ್ಮ ಕಡೆ ಕೌದಿ ನೋಡಿದ್ದೀರಲ್ಲ? ಹಳೇ ಸೀರೆ, ಅಂಗಿ, ಲಂಗದ ತುಂಡು, ಎಲ್ಲಾ ಬಣ್ಣವೂ ಅದರಲ್ಲಿ. ಹೊಲಿಗೆ ಮಾತ್ರ ಒಂದೇ, ಉದ್ದಕ್ಕೆ ಓಡುವ ಸಾದಾ ಹೊಲಿಗೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಮಾಡುವ ಕವಂದಿಯೂ ಹಾಗೇ. ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಹೊಲಿಗೆ ಸಾದಾ ಇದ್ದುದಕ್ಕೇ ಬಣ್ಣ ಮಾತಾಡುತ್ತದೆ. ಕೌಲ್ ವಿಷಯದಲ್ಲೂ ನನ್ನ ಅಭಿಪ್ರಾಯ ಅದೇ. ಸಾದಾ ಇರಲಿ.

ಎಡಿನ್‌ಬರೊ_ಕನ್ನಡತಿ

ಕವಂದಿ ನೆನಪಿಸಿದ್ದು ತುಂಬಾ ಖುಷಿಯಾಯಿತು. ಮೂಲೆಗಳಲ್ಲಿ ಬಟ್ಟೆ ಮಡಚಿ ತ್ರಿಕೋನವಾಗಿ ಹೊಲಿಯುತ್ತಾರಲ್ಲ, ಅದಕ್ಕೆ ಫುಲ ಅಂತಾರೆ ಅಲ್ವಾ? ಫುಲ ಇಲ್ಲದೆ ಕವಂದಿ ಮುಗಿಯುವುದಿಲ್ಲ.

ಪೇಡಾ_ಧಾರವಾಡ

ಹೌದ್ರಿ, ಫುಲ. ನಾಲ್ಕೂ ಮೂಲೆಗೆ.

ಹೊಸ_ಕಡ್ಡಿ (ಹುಬ್ಬಳ್ಳಿ)

ನನಗೆ ಒಂದು ಅನುಮಾನ. ಈ ಥರ ಬಣ್ಣದ ದಾರ ತಂದರೆ ತಾನಾಗೇ ಪಟ್ಟೆ ಬರುತ್ತದೆ ಅಂತ ಅಂಗಡಿಯವರು ಹೇಳಿದ್ದರು. ನನ್ನದರಲ್ಲಿ ಬರೀ ಚುಕ್ಕಿ ಚುಕ್ಕಿ ಬಂತು.

ನೂಲುಂಡೆ (ಮೈಸೂರು)

ಅದು ಬೇರೆ ದಾರ, ಇದು ಬೇರೆ ದಾರ. ಬಣ್ಣ ಎಷ್ಟು ಉದ್ದಕ್ಕೆ ಇದೆ ಅನ್ನುವುದರ ಮೇಲೆ ಹೋಗುತ್ತದೆ. ಒಂದೊಂದು ಬಣ್ಣ ನಾಲ್ಕೈದು ಸೆಂ.ಮೀ. ಇದ್ದರೆ ಚುಕ್ಕಿ. ಮಳೆಬಿಲ್ಲು ಅವರದರ ಹಾಗೆ ಗೇಣುದ್ದ ಮೊಳದುದ್ದ ಇದ್ದರೆ ತೇಪೆ. ಹಲವಾರು ಮೀಟರ್ ಒಂದೇ ಬಣ್ಣ ಬಂದು ಆಮೇಲೆ ಬದಲಾದರೆ ಪಟ್ಟೆ. ಪಟ್ಟೆ ಬೇಕಿದ್ದರೆ ಆ ಮೂರನೆಯದನ್ನು ಕೇಳಿ ತಗೊಳ್ಳಬೇಕು. ಜಪಾನಿನ ನೋರೋ ದಾರ ಇದಕ್ಕೆ ಹೆಸರುವಾಸಿ. ಅವರ ಕುರೆಯಾನ್ 50 ಗ್ರಾಂ ಉಂಡೆ, 100 ಮೀಟರ್. ಒಂದೇ ಎಳೆ, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬಣ್ಣ ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.

ಅದರಲ್ಲೂ ಅಗಲ ಮುಖ್ಯ. ಸುತ್ತಳತೆ ಚಿಕ್ಕದಿದ್ದರೆ ಒಂದು ಬಣ್ಣ ಜಾಸ್ತಿ ಸುತ್ತು ಓಡುತ್ತದೆ, ದಪ್ಪ ಪಟ್ಟೆ. ಎರಡು ಸುತ್ತು ಹಾಕಿಕೊಳ್ಳುವ ದೊಡ್ಡ ಕೌಲ್ ಮಾಡಿದರೆ ಗೆರೆಯಷ್ಟೇ ಸಣ್ಣ ಪಟ್ಟೆ.

ಸೀದಾ_ಉಲ್ಟಾ (ಬೆಂಗಳೂರು)

ನೋರೋದಲ್ಲಿ ನಡುವೆ ಗಂಟು ಸಿಗುತ್ತದೆ, ಗಂಟಿನ ಆಚೆ ಬೇರೆಯದೇ ಬಣ್ಣ ಶುರುವಾಗುತ್ತದೆ. ಮೊದಲೇ ಉಂಡೆ ಸುತ್ತಿಕೊಂಡು ನೋಡಿಬಿಡಿ. ಎರಡು ಉಂಡೆ ತಗೊಂಡು ಎರಡೆರಡು ಸಾಲಿಗೆ ದಾರ ಬದಲಿಸುತ್ತಾ ಹೋದರೆ ಬಣ್ಣದ ಮೇಲೆ ಬಣ್ಣ ಬಂದು ತುಂಬಾ ಚೆನ್ನಾಗಿರುತ್ತದೆ.

ಹೊಸ_ಕಡ್ಡಿ (ಹುಬ್ಬಳ್ಳಿ)

ಇದೆಲ್ಲಾ ನಮ್ಮಲ್ಲಿ ಸಿಗುತ್ತದಾ? ಇಲ್ಲಿ ಕೇಳಿದರೆ ಅಕ್ರಿಲಿಕ್ ಒಂದೇ ತೋರಿಸುತ್ತಾರೆ.

ಸೀದಾ_ಉಲ್ಟಾ (ಬೆಂಗಳೂರು)

ಬೆಂಗಳೂರಿನ ಚಿಕ್ಕಪೇಟೆ ಕಡೆಯೂ ಹೆಚ್ಚು ಇರುವುದು ಅಕ್ರಿಲಿಕ್ಕೇ. ವರ್ಧಮಾನ್, ಓಸ್ವಾಲ್, ಎಲ್ಲಾ ಲೂಧಿಯಾನದಿಂದ ಬರುವುದು. ಕೈಯಲ್ಲಿ ಬಣ್ಣ ಹಾಕಿದ ಮೆರಿನೋ ಬೇಕಿದ್ದರೆ ಆನ್‌ಲೈನ್ ನೋಡಬೇಕು, ಬೆಲೆ ಜಾಸ್ತಿ. ಅಕ್ರಿಲಿಕ್ ಕೀಳು ಅಂತ ನಾನು ಹೇಳುವುದಿಲ್ಲ. ಬೆಂಗಳೂರು ಚಳಿಗೆ ಧಾರಾಳ ಸಾಕು, ಮಷೀನಿಗೆ ಹಾಕಬಹುದು, ಚುಚ್ಚುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಮಾತ್ರ ತಾಗಿಸಬೇಡಿ, ಕರಗಿ ಚಪ್ಪಟೆಯಾಗುತ್ತದೆ. ಒಲೆ ಮುಂದೆಯೂ ಹಾಕಿಕೊಳ್ಳಬೇಡಿ.

ಬೆಣ್ಣೆದೋಸೆ (ದಾವಣಗೆರೆ)

ಲೂಧಿಯಾನ ಅಂದಿದ್ದಕ್ಕೆ ನೆನಪಾಯಿತು. ಚಳಿಗಾಲ ಬಂತೆಂದರೆ ಊರೂರಿನಲ್ಲಿ ಟಿಬೆಟಿನವರು ಸ್ವೆಟರ್ ಅಂಗಡಿ ಹಾಕುತ್ತಾರಲ್ಲ, ಅವರು ಕೈಯಲ್ಲಿ ಹೆಣೆದು ತರುತ್ತಾರೆ ಅಂತಲೇ ನಾನು ಅಂದುಕೊಂಡಿದ್ದೆ.

ಕಾಫಿತೋಟ (ಮಡಿಕೇರಿ)

ಹೆಚ್ಚಿನದು ಲೂಧಿಯಾನದ ಮಾಲೇ. ನಮಗೆ ಟಿಬೆಟಿನವರು ನೆಲೆಸಿರುವ ಬೈಲಕುಪ್ಪೆ ಹತ್ತಿರ, ಪರಿಚಯದವರಿದ್ದಾರೆ. 1961ರಲ್ಲಿ ಅಲ್ಲಿ ನೆಲೆ ಸಿಕ್ಕಾಗ ಬಂದಿದ್ದು ಕಾಡು ಕಡಿದು ಜೋಳ ಬೆಳೆಯುವ ಬದುಕು. ಬೆಳೆ ಮುಗಿದ ಮೇಲೆ ಚಳಿಗಾಲದ ಎರಡು ಮೂರು ತಿಂಗಳು ಸ್ವೆಟರ್ ವ್ಯಾಪಾರ. ಎಷ್ಟೋ ಮನೆಗಳು ಅದರಲ್ಲೇ ಮಕ್ಕಳನ್ನು ಓದಿಸಿವೆ. ಅವರ ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ಇದೊಂದು ನೆನಪಿರಲಿ ಅಂತ ಹೇಳಿದೆ.

ಕಂಬಳಿ_ಗದ್ದುಗೆ (ಚಿತ್ರದುರ್ಗ)

ಎಲ್ಲಾ ಹೊರಗಿನ ಉಲ್ಲನ್ ಬಗ್ಗೆಯೇ ಆಯಿತು. ನಮ್ಮ ಚಳ್ಳಕೆರೆ ಕಂಬಳಿಯ ಉಣ್ಣೆ ಯಾಕೆ ಯಾರೂ ಹೇಳುವುದಿಲ್ಲ? ದಖ್ಖನಿ ಕುರಿ ನಮ್ಮದೇ, ಕುರಿ ಕಾಯುವವರು, ನೂಲುವವರು, ನೇಯುವವರು ಎಲ್ಲಾ ಇಲ್ಲೇ ಇದ್ದಾರೆ. ಅದರಲ್ಲಿ ಕೌಲ್ ಮಾಡಬಾರದಾ?

ನೂಲುಂಡೆ (ಮೈಸೂರು)

ಅಣ್ಣ, ಕಂಬಳಿ ಮೇಲೆ ಪ್ರೀತಿ ನನಗೂ ಇದೆ. ಆದರೆ ಕುತ್ತಿಗೆಯ ಚರ್ಮ ತೆಳು. ಬಟ್ಟೆಗೆ ಬಳಸುವ ಮೆರಿನೋ ಎಳೆ 24 ಮೈಕ್ರಾನ್‌ಗಿಂತ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಸಣ್ಣ, ಒಳ್ಳೆಯದಾದರೆ 19ಕ್ಕಿಂತಲೂ ಕಡಿಮೆ. ದಖ್ಖನಿ ಉಣ್ಣೆ 30 ದಾಟುತ್ತದೆ. ಎಳೆ ದಪ್ಪ ಇದ್ದರೆ ತುದಿ ಬಾಗುವುದಿಲ್ಲ, ಚರ್ಮಕ್ಕೆ ಒತ್ತುತ್ತದೆ, ಅದೇ ತುರಿಕೆ. ಕಂಬಳಿಗೆ ಆ ಬಿರುಸೇ ಬಲ. ಹುಣಸೆಬೀಜದ ಗಂಜಿ ಹಚ್ಚಿ ನೇಯ್ದ ಕರಿ ಕಂಬಳಿ ಮಳೆಗೂ ಜಗ್ಗುವುದಿಲ್ಲ. ಮೆರಿನೋದಲ್ಲಿ ಅದು ಆಗದು.

ಕಂಬಳಿ_ಗದ್ದುಗೆ (ಚಿತ್ರದುರ್ಗ)

ಒಪ್ಪಿದೆ. ಆದರೂ ಚೀಲ, ಚಾಪೆ, ಆಸನಕ್ಕಾದರೂ ಹೆಣೆಯುವವರು ಈ ನೂಲು ಕೇಳಬೇಕು. ಕೇಳುವವರಿಲ್ಲದೆ ಕತ್ತರಿಸಿದ ಉಣ್ಣೆಗೆ ಬೆಲೆಯೇ ಸಿಗುತ್ತಿಲ್ಲ. ಕುರಿಯ ಮೈಬಣ್ಣವೇ ಕಪ್ಪು, ಕಂದು, ಬೂದು. ಬಣ್ಣ ಹಾಕುವ ಖರ್ಚೂ ಇಲ್ಲ.

ಎಡಿನ್‌ಬರೊ_ಕನ್ನಡತಿ

ಇದು ನಿಜವಾಗಿ ಯೋಚಿಸಬೇಕಾದ ಮಾತು. ಇಲ್ಲಿ ಶೆಟ್ಲೆಂಡ್ ಕುರಿಯ ಸಹಜ ಬಣ್ಣಗಳಿಗೆ ಒಂದೊಂದಕ್ಕೂ ಹೆಸರಿದೆ, ಜನ ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಮಳೆಬಿಲ್ಲು (ಟೊರಾಂಟೊ)

ಎಲ್ಲರಿಗೂ ಥ್ಯಾಂಕ್ಸ್. 120ಕ್ಕೆ ಹೋಗುತ್ತಿದ್ದೇನೆ, ಅಂಚಿಗೆ ಗಾರ್ಟರ್, ನಡುವೆ ಸೀದಾ. ಎರಡು ಪ್ರಶ್ನೆ. ಒಂದು ಲಡಿಯಲ್ಲಿ ಎಷ್ಟು ಎತ್ತರ ಬರುತ್ತದೆ? ಮತ್ತೆ, ಸುತ್ತು ಸೇರಿಸುವಾಗ ತಿರುಚಿಕೊಳ್ಳದ ಹಾಗೆ ಹೇಗೆ ನೋಡಿಕೊಳ್ಳುವುದು? 120 ಸ್ಟಿಚ್ ಕೇಬಲ್ ಮೇಲೆ ಸುತ್ತಿಕೊಂಡುಬಿಡುತ್ತದೆ.

ಲೆಕ್ಕದ_ಮೇಷ್ಟ್ರು (ಶಿವಮೊಗ್ಗ)

120 ಸ್ಟಿಚ್‌ಗೆ 204 ಸೆಂ.ಮೀ., ಅಂದರೆ ಸುತ್ತಿಗೆ ಎರಡು ಮೀಟರ್ ಚಿಲ್ಲರೆ. 200 ಮೀಟರ್‌ನಲ್ಲಿ 98 ಸುತ್ತು. ಶುರುವಿಗೆ, ಮುಗಿಸಲಿಕ್ಕೆ, ಸ್ಯಾಂಪಲ್‌ಗೆ ಅಂತ ಕಳೆದು 90 ಇಟ್ಟುಕೊಳ್ಳಿ. ಸೀದಾ ಹೆಣಿಗೆಗೆ 10 ಸೆಂ.ಮೀ.ಗೆ 28 ಸುತ್ತು ಹಿಡಿದರೆ 32 ಸೆಂ.ಮೀ. ಎತ್ತರ. ಪೂರ್ತಿ ಗಾರ್ಟರ್ ಆದರೆ 40 ಸುತ್ತು ಬೇಕು, 22ಕ್ಕೇ ನಿಲ್ಲುತ್ತದೆ. ನಿಮಗೆ 25 ಸಾಕು ಅನಿಸುತ್ತದೆ, ದಾರ ಉಳಿಯುತ್ತದೆ. ಕೊನೆಗೆ ಮುಚ್ಚಲು ಎರಡೂವರೆ ಮೀಟರ್ ಬಿಟ್ಟುಕೊಳ್ಳಿ.

ಸೀದಾ_ಉಲ್ಟಾ (ಬೆಂಗಳೂರು)

ತಿರುಚುವುದಕ್ಕೆ: ಸೇರಿಸುವ ಮುಂಚೆ ಟೇಬಲ್ ಮೇಲೆ ಹರಡಿ, ಎಲ್ಲಾ ಸ್ಟಿಚ್‌ಗಳ ಬುಡ ಒಳಮುಖವಾಗಿ ಇರಬೇಕು. ಒಂದು ಸುತ್ತು ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ಆಗ ತಿರುಚಿದ್ದು ಕಂಡರೆ, ಸುತ್ತು ಸೇರುವ ಜಾಗದ ಎಳೆಯಲ್ಲಿ ತಿರುವು ಹಾಕಿ ಸರಿಮಾಡಬಹುದು. ಎರಡನೇ ಸುತ್ತು ದಾಟಿದರೆ ಬಿಚ್ಚುವುದೊಂದೇ ದಾರಿ.

ನೂಲುಂಡೆ (ಮೈಸೂರು)

ಇನ್ನೂ ಸುಲಭ ಉಪಾಯ ಇದೆ. ಮೊದಲ ಎರಡು ಮೂರು ಸಾಲು ಸೇರಿಸದೆ ನೇರ ಕಡ್ಡಿಯ ಹಾಗೆ ಹಿಂದೆ ಮುಂದೆ ಹೆಣೆಯಿರಿ. ಅಂಚು ಸ್ವಲ್ಪ ಅಗಲ ಆಯಿತೆಂದರೆ ತಿರುಚಿದ್ದು ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಸೇರಿಸಿ. ಶುರುವಿನ ದಾರದ ಬಾಲ ಉಳಿದಿರುತ್ತದಲ್ಲ, ಅದರಲ್ಲೇ ಆ ಚೂರು ಸಂದನ್ನು ಹೊಲಿದುಬಿಡಿ.

ಎಡಿನ್‌ಬರೊ_ಕನ್ನಡತಿ

ಸುತ್ತು ಕಡ್ಡಿ, ಕೇಬಲ್ ಸೇರಿ ತುದಿಯಿಂದ ತುದಿಗೆ, 60 ಸೆಂ.ಮೀ.ಗಿಂತ ಉದ್ದ ಬೇಡ. 80 ಇದ್ದರೆ ಸ್ಟಿಚ್ ಎಳೆದೆಳೆದು ಸಾಕಾಗುತ್ತದೆ. 40 ಇದ್ದರೂ ನಡೆಯುತ್ತದೆ, ಒತ್ತೊತ್ತಾಗಿ ಕೂರುತ್ತವೆ ಅಷ್ಟೇ. ಮುಚ್ಚುವಾಗ ದೊಡ್ಡ ಕಡ್ಡಿ ತಗೊಳ್ಳಿ, ಬಿಗಿಯಾದರೆ ತಲೆ ತೂರುವುದಿಲ್ಲ.

ರಿಂಗ್‌ರೋಡ್ (ಬೆಂಗಳೂರು)

ನಾನು ಹೆಣೆಯುವವಳಲ್ಲ, ಹಾಕಿಕೊಳ್ಳುವವಳು. ಅತ್ತೆ ಒಂದು ಕೌಲ್ ಹಾಕಿಕೊಟ್ಟಿದ್ದಾರೆ, ಡಿಸೆಂಬರ್ ಬೆಳಿಗ್ಗೆ ಸ್ಕೂಟರಿನಲ್ಲಿ ಆಫೀಸಿಗೆ ಹೋಗುವಾಗ ಅದಿಲ್ಲದೆ ಹೊರಡುವುದಿಲ್ಲ. ದುಪಟ್ಟಾ, ಮಫ್ಲರ್ ಹಾರಿ ಚಕ್ರಕ್ಕೆ ಸಿಕ್ಕಿಕೊಳ್ಳುವ ಭಯ ಇಲ್ಲ. ಇದಕ್ಕೆ ತುದಿಯೇ ಇಲ್ಲವಲ್ಲ. ಹೆಣೆಯುವವರು ದಯವಿಟ್ಟು ಗಾಡಿ ಓಡಿಸುವ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಹಾಕಿಕೊಡಿ. ತೀರಾ ದಪ್ಪ ಬೇಡ, ಹೆಲ್ಮೆಟ್ ಪಟ್ಟಿ ಹಾಕಲು ಆಗುವುದಿಲ್ಲ.

ಕಾಫಿತೋಟ (ಮಡಿಕೇರಿ)

ಇದು ಎಷ್ಟು ಒಳ್ಳೆಯ ಮಾತು.

ಬೆಣ್ಣೆದೋಸೆ (ದಾವಣಗೆರೆ)

ಮಳೆಬಿಲ್ಲು ಅವರೇ, ತೊಳೆಯುವ ಮುಂಚೆ ಉಪ್ಪು ನೀರಿನಲ್ಲಿ ನೆನೆಸಿ. ಬಣ್ಣ ನಿಲ್ಲುತ್ತದೆ. ಹೊಸ ಸೀರೆಗೆ ನಾವು ಮಾಡುವುದು ಅದೇ.

ನೂಲುಂಡೆ (ಮೈಸೂರು)

ದಯವಿಟ್ಟು ಬೇಡ! ಹತ್ತಿಗೆ ಬಣ್ಣ ಹಾಕುವಾಗ ಉಪ್ಪು ಕೆಲಸ ಮಾಡುತ್ತದೆ. ಉಣ್ಣೆಗೆ ಸಾಮಾನ್ಯವಾಗಿ ಹಾಕುವುದು ಆ್ಯಸಿಡ್ ಬಣ್ಣ. ಅದು ಹಿಡಿಯಲು ಹುಳಿ ಮತ್ತು ಬಿಸಿ ಎರಡೂ ಬೇಕು. ತಣ್ಣೀರಿಗೆ ವಿನೆಗರ್ ಹಾಕಿ ನೆನೆಸಿದರೂ ಏನೂ ಪ್ರಯೋಜನ ಇಲ್ಲ.

ಮೊದಲು ಪರೀಕ್ಷೆ ಮಾಡಿ. ಒದ್ದೆ ಬಿಳಿ ಬಟ್ಟೆಯಿಂದ ನೇರಳೆ ಭಾಗವನ್ನು ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಬಂದರೆ, ಹೆಣೆಯುವ ಮುಂಚೆಯೇ ಲಡಿಯನ್ನು ನೀರು, ವಿನೆಗರ್ ಹಾಕಿದ ಪಾತ್ರೆಯಲ್ಲಿಟ್ಟು ನಿಧಾನ ಬಿಸಿ ಮಾಡಬೇಕು. ಕುದಿಯಬಾರದು. ಅರ್ಧ ಗಂಟೆ ಹಾಗೇ ಬಿಸಿ ಇರಲಿ, ಆಮೇಲೆ ಅದೇ ನೀರಿನಲ್ಲಿ ತಾನಾಗಿ ಆರಲಿ. ಕಲಕಬೇಡಿ, ಬಿಸಿಯಿಂದ ತೆಗೆದು ತಣ್ಣೀರಿಗೆ ಹಾಕಬೇಡಿ, ಉಣ್ಣೆ ಗಟ್ಟಿಯಾಗಿಬಿಡುತ್ತದೆ. ಕೆನೆಬಣ್ಣ ಇರುವ ಲಡಿಗೆ ಈ ಪರೀಕ್ಷೆ ಬಿಡಲೇಬಾರದು. ನೇರಳೆ ಹರಿದು ಕೆನೆಯ ಮೇಲೆ ಬಂತೆಂದರೆ ಆ ಮೆರುಗು ಮತ್ತೆ ಸಿಗುವುದಿಲ್ಲ.

ಬೆಣ್ಣೆದೋಸೆ (ದಾವಣಗೆರೆ)

ಉಪ್ಪಿನ ವಿಷಯ ಈಗ ತಿಳಿಯಿತು. ಅಮ್ಮನಿಗೂ ಹೇಳುತ್ತೇನೆ.

ಎಡಿನ್‌ಬರೊ_ಕನ್ನಡತಿ

ಲೇಬಲ್ ಮೇಲೆ ಸೂಪರ್‌ವಾಶ್ (ಮಷೀನಿನಲ್ಲಿ ತೊಳೆಯಲು ಆಗುವ ಹಾಗೆ ಹದ ಮಾಡಿದ ಉಣ್ಣೆ) ಅಂತ ಇದ್ದರೆ ಇನ್ನೊಂದು ಎಚ್ಚರಿಕೆ. ಒದ್ದೆಯಾದಾಗ ಅದು ಜಗ್ಗಿ ದೊಡ್ಡದಾಗುತ್ತದೆ. ತಂತಿ ಮೇಲೆ ನೇತುಹಾಕಬೇಡಿ. ಟವೆಲ್‌ನಲ್ಲಿ ಸುತ್ತಿ ನೀರು ಹಿಂಡಿ, ಅಳತೆಗೆ ಸರಿಯಾಗಿ ಚಪ್ಪಟೆ ಹರಡಿ ಒಣಗಿಸಿ. ಸ್ಯಾಂಪಲ್ ಕೂಡ ತೊಳೆದು ಒಣಗಿಸಿದ ಮೇಲೆಯೇ ಅಳೆಯಿರಿ.

ಹೊಸ_ಕಡ್ಡಿ (ಹುಬ್ಬಳ್ಳಿ)

ಕೊನೆಯದಾಗಿ ನನ್ನದೊಂದು. ಮಗಳಿಗೆ ಐದು ವರ್ಷ. ಅದೇ ಚುಕ್ಕಿ ಚುಕ್ಕಿ ಅಕ್ರಿಲಿಕ್ ಇದೆ. ಎಷ್ಟು ಅಳತೆ ಹಾಕಲಿ? ಸ್ಟಿಚ್ ಎಣಿಕೆಗೆ ಮೇಷ್ಟ್ರ ಲೆಕ್ಕ ಹಾಕಬೇಕಾ?

ಲೆಕ್ಕದ_ಮೇಷ್ಟ್ರು (ಶಿವಮೊಗ್ಗ)

ನಿಮ್ಮದಕ್ಕೆ ಬೇಡಮ್ಮ. ಬಣ್ಣ ಅಷ್ಟು ಚಿಕ್ಕದಾಗಿ ಬದಲಾಗುತ್ತಿದ್ದರೆ ಗುಂಪಾಗುವ ಭಯ ಕಡಿಮೆ. ಎಷ್ಟು ಸ್ಟಿಚ್ ಹಾಕಿದರೂ ನಡೆಯುತ್ತದೆ.

ಕಾಫಿತೋಟ (ಮಡಿಕೇರಿ)

ಐದು ವರ್ಷಕ್ಕೆ ಸುತ್ತಳತೆ 50 ಸೆಂ.ಮೀ., ಎತ್ತರ 15ರಿಂದ 18. ತಲೆ ಮೇಲಿಂದ ಎಳೆದು ಹಾಕಿ ನೋಡಿಯೇ ಮುಚ್ಚಿ. ಮಾಸ್ ಸ್ಟಿಚ್ ಹಾಕಿ, ಮಕ್ಕಳು ಒಳಗೆ ಹೊರಗೆ ನೋಡದೆ ಹಾಕಿಕೊಳ್ಳುತ್ತಾರೆ, ಎರಡೂ ಕಡೆ ಒಂದೇ ಥರ ಇದ್ದರೆ ಒಳ್ಳೆಯದು. ಮಲಗುವಾಗ ಮಾತ್ರ ತೆಗೆದಿಡಿ.

ಹೊಸ_ಕಡ್ಡಿ (ಹುಬ್ಬಳ್ಳಿ)

ಸರಿ ಅಕ್ಕ. 10 ಸೆಂ.ಮೀ.ಗೆ 18 ಬರುತ್ತಿದೆ. ಹಾಗಾದರೆ 90, ಬೆಸ ಸಂಖ್ಯೆ ಬೇಕಲ್ಲ, 91 ಹಾಕುತ್ತೇನೆ.

ಕಾಫಿತೋಟ (ಮಡಿಕೇರಿ)

91 ಸರಿ. ಹಾಕಿ.